ಅಣ್ಣನವರ ಜಾವಾ ಮತ್ತು ದಪ್ಪ ಟೈರು

ಈ ಪತ್ರಿಕೆಯಲ್ಲಿ ನಾವು ಇದುವರೆಗೆ ಬರೆದುದೆಲ್ಲ ಓಲೆಗರಿ, ಪಾಠಾಂತರ, ಛಂದಸ್ಸುಗಳ ವಿಚಾರ. ಈ ಸಲ ಮೋಟಾರ್ ಸೈಕಲ್ಲಿನ ಹಿಂದಿನ ಟೈರಿನ ವಿಚಾರ ಬರೆಯಲು ಕುಳಿತಿದ್ದೇವೆ. ಓದುಗ ಬಂಧುಗಳು ಹುಬ್ಬೇರಿಸಬಾರದು. ಹಳೆಯ ಗಾಡಿಗಳನ್ನು ಕೊಟ್ಟಿಗೆಯಿಂದ ಹೊರತೆಗೆದು ಅವಕ್ಕೆ ಹೊಸ ಕಾಲದ ದಪ್ಪ ಟೈರು ತೊಡಿಸುವ ಹುರುಪು ಈಗ ಅನೇಕ ಮನೆಗಳ ಮಕ್ಕಳಲ್ಲಿ ಕಾಣುತ್ತಿದೆ. ನಮ್ಮ ಮನೆಯಲ್ಲೂ ಅದು ನಡೆಯಿತು. ಅದರಲ್ಲಿ ನಮ್ಮ ತಪ್ಪೂ ಒಂದಿದೆಯಾದ್ದರಿಂದ ಮುಚ್ಚುಮರೆಯಿಲ್ಲದೆ ಅರಿಕೆ ಮಾಡಿಕೊಳ್ಳುವುದು ಲೇಸೆಂದು ತೋರಿತು.

ನಮ್ಮ ಊರು ನಂಜನಗೂಡು ತಾಲ್ಲೂಕಿನದು. ನಾವಿನ್ನೂ ಎಳೆಯರಿದ್ದಾಗಲೇ ತಂದೆಯವರು ಲಿಂಗೈಕ್ಯರಾದರು. ಹದಿನೇಳು ವರ್ಷ ಹಿರಿಯರಾದ ಅಣ್ಣನವರೇ ನಮಗೆ ತಂದೆಯಾದರು. ಅವರು ನಮ್ಮನ್ನು ಮೈಸೂರಿನ ಮಠವೊಂದರ ವಿದ್ಯಾರ್ಥಿನಿಲಯಕ್ಕೆ ಸೇರಿಸಿ, ತಾವು ಊರಿನಲ್ಲಿ ನಿಂತು ಹೊಲಗದ್ದೆ ನೋಡಿಕೊಂಡರು. 1968ರಲ್ಲಿ, ಬೆಲ್ಲಕ್ಕೆ ಒಳ್ಳೆಯ ಧಾರಣೆ ಬಂದ ವರ್ಷ, ಅವರು ಕೊಂಡದ್ದು ಒಂದು ಜಾವಾ ಮೋಟಾರ್ ಸೈಕಲ್ಲು. ದ್ರಾಕ್ಷಿಯ ಬಣ್ಣದ ಟ್ಯಾಂಕು, ಅದರ ಇಕ್ಕೆಲಗಳಲ್ಲಿ ಕನ್ನಡಿಯಂತೆ ಹೊಳೆಯುವ ಪಟ್ಟಿ, ಹಿಂದಕ್ಕೆ ಚಾಚಿದ ಎರಡು ಕೊಳವೆಗಳು. ಗೇರು ಬದಲಿಸುವ ಸನ್ನೆಯನ್ನೇ ಹಿಂದಕ್ಕೆ ತಿರುಗಿಸಿ ಗಾಡಿಯನ್ನು ಎಬ್ಬಿಸುವ ಅದರ ಚಮತ್ಕಾರ ನೋಡಲು ವಿದ್ಯಾರ್ಥಿನಿಲಯದ ಹುಡುಗರೆಲ್ಲ ಬಾಗಿಲಿಗೆ ಬರುತ್ತಿದ್ದರು. ತಿಂಗಳಿಗೊಂದು ಭಾನುವಾರ ಹುರಿಹಿಟ್ಟು, ಕೊಬ್ಬರಿ, ಒಗೆದ ಬಟ್ಟೆಗಳ ಗಂಟನ್ನು ಹಿಂದಕ್ಕೆ ಕಟ್ಟಿಕೊಂಡು ಅಣ್ಣನವರು ಬರುವರು. ಶಬ್ದಮಣಿದರ್ಪಣದ ಸೂತ್ರ ಉರುಹೊಡೆಯುತ್ತಿದ್ದ ನಮಗೆ ಬೀದಿಯ ತಿರುವಿನಲ್ಲೇ ಆ ಸದ್ದು ಗುರುತಾಗುತ್ತಿತ್ತು. ಬೇರೆ ಜಾವಾಗಳೂ ಬರುತ್ತಿದ್ದವು. ಆದರೂ ಇದು ನಮ್ಮದೆಂದು ಕಿವಿಗೆ ತಿಳಿಯುತ್ತಿತ್ತು.

ಆ ಗಾಡಿಯ ಮೂಲ ದೂರದ್ದು. ಫ್ರಾಂಟಿಶೆಕ್ ಯಾನೆಚೆಕ್ ಎಂಬವರು 1929ರಲ್ಲಿ ಚೆಕ್ ನಾಡಿನ ಪ್ರಾಗ್ ನಗರದಲ್ಲಿ, ಜರ್ಮನಿಯ ವಾಂಡರರ್ ಸಂಸ್ಥೆಯ ಮೋಟಾರ್ ಸೈಕಲ್ ವಿಭಾಗವನ್ನು ಕೊಂಡು ಈ ಉದ್ಯಮವನ್ನು ಆರಂಭಿಸಿದರು. ತಮ್ಮ ಹೆಸರಿನ ಮೊದಲೆರಡು ಅಕ್ಷರಗಳಿಗೆ ವಾಂಡರರ್‌ನ ಮೊದಲೆರಡು ಅಕ್ಷರಗಳನ್ನು ಕೂಡಿಸಿದ್ದರಿಂದ ಜಾವಾ ಎಂಬ ಹೆಸರು ಬಂತು. ಲೋಪವೂ ಇಲ್ಲ, ಆಗಮವೂ ಇಲ್ಲ, ಬರಿಯ ಜೋಡಣೆ. 1960ರ ದಶಕದ ಆರಂಭದಲ್ಲಿ ನಮ್ಮ ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ಇವು ತಯಾರಾಗತೊಡಗಿದವು. ಎಪ್ಪತ್ತರ ದಶಕದಲ್ಲಿ ಯೆಜ್ಡಿ ಎಂಬ ಹೆಸರು ಪಡೆದು, 1996ರಲ್ಲಿ ಕಾರ್ಖಾನೆ ಮುಚ್ಚುವವರೆಗೂ ಊರೂರಿನ ಹಾದಿಗಳಲ್ಲಿ ಓಡಿದವು. ಮೈಸೂರಿನವರಿಗೆ ಅದು ಬರಿಯ ವಾಹನವಾಗಿರಲಿಲ್ಲ. ಎಷ್ಟೋ ಮನೆಗಳ ಒಲೆ ಅದರಿಂದಲೇ ಉರಿಯುತ್ತಿತ್ತು.

ಅಣ್ಣನವರು 2014ರಲ್ಲಿ ಲಿಂಗೈಕ್ಯರಾದರು. ಆಸ್ತಿ ಹಂಚಿಕೆಯ ಹೊತ್ತಿಗೆ ಅವರ ಮಗನಿಗೂ ನಮಗೂ ಎರಡು ಹೊಲಗಳ ನಡುವಿನ ಒಂದು ಬದುವಿನ ವಿಚಾರದಲ್ಲಿ ಮಾತು ಬೆಳೆಯಿತು. ಬದುವಿನ ಅಗಲ ಎಷ್ಟು, ಅದು ಯಾರಿಗೆ ಸೇರಿದ್ದು ಎಂಬಷ್ಟೇ ವಿಚಾರ. ನಾಲ್ಕು ವರ್ಷ ಅವನು ನಮ್ಮ ಮನೆಯ ಹೊಸ್ತಿಲು ತುಳಿಯಲಿಲ್ಲ, ನಾವೂ ಕರೆಯಲಿಲ್ಲ. ಗಾಡಿ ಮಾತ್ರ ಯಾರ ಪಾಲಿಗೂ ಬರೆಯಲ್ಪಡದೆ ನಮ್ಮ ಮೈಸೂರಿನ ಮನೆಯ ಹಿಂದಿನ ಮಾಡಿನಲ್ಲಿ ಗೋಣಿ ಹೊದ್ದು ನಿಂತಿತ್ತು. 2022ರ ಯುಗಾದಿಯ ಮರುದಿನ ಬೆಂಗಳೂರಿನಿಂದ ಅವನ ದೂರವಾಣಿ ಬಂತು. ಕುಶಲಪ್ರಶ್ನೆಯಿಲ್ಲ, ಪೀಠಿಕೆಯಿಲ್ಲ. "ಚಿಕ್ಕಪ್ಪ, ಅಪ್ಪನ ಗಾಡಿ ಇನ್ನೂ ಇದೆಯೇ?" ಇದೆ ಎಂದೆವು. ಮುಂದಿನ ವಾರ ಬಂದು ಅದನ್ನು ಸಾಗಿಸಿಕೊಂಡು ಹೋದನು.

2023ರ ದೀಪಾವಳಿಗೆ ಅವನು ಹೆಂಡತಿ ಮಗುವಿನೊಡನೆ ನಮ್ಮ ಮನೆಗೆ ಬಂದನು. ಜಾವಾ ಸಣ್ಣ ಸಾಗಣೆ ಗಾಡಿಯೊಂದರಲ್ಲಿ ಅವರ ಹಿಂದೆಯೇ ಬಂತು. ಟ್ಯಾಂಕು ಮತ್ತೆ ದ್ರಾಕ್ಷಿಯ ಬಣ್ಣಕ್ಕೆ ತಿರುಗಿತ್ತು, ಪಟ್ಟಿಗಳು ಹೊಳೆಯುತ್ತಿದ್ದವು. ಹಿಂದಿನ ಟೈರು ಮಾತ್ರ ಹೊಸದು, ನೋಡಿದೊಡನೆ ಕಣ್ಣಿಗೆ ಹೊಡೆಯುವಷ್ಟು ದಪ್ಪನೆಯದು. ಅದರ ಮೈಮೇಲೆ 110/90-16 ಎಂದು ಅಚ್ಚೊತ್ತಿತ್ತು. 2018ರಲ್ಲಿ ಜಾವಾ ಹೆಸರಿನಲ್ಲಿ ಮತ್ತೆ ಹೊಸ ಗಾಡಿಗಳು ಬಂದವಷ್ಟೆ. ಅವುಗಳ ಹಿಂದಿನ ಟೈರು 120/80-17. ಅದರ ಪಕ್ಕದಲ್ಲಿ ಹಳೆಯ ಗಾಡಿಯ ಟೈರು ಬಡಕಲಾಗಿ ಕಾಣುವುದೆಂದು ಅವನಿಗೆ ತೋರಿತಂತೆ. ಅಮೆರಿಕದ ಚಿತ್ರಗಳನ್ನೂ ತೋರಿಸಿದನು. ಅಲ್ಲಿ ಹಾರ್ಲೆ-ಡೇವಿಡ್‌ಸನ್ ಗಾಡಿಗಳಿಗೆ 1940ರಿಂದಲೇ ಐದಿಂಚು ದಪ್ಪದ, 5.00-16 ಅಳತೆಯ ಟೈರು ಬಂದಿತ್ತು. ಯುದ್ಧ ಮುಗಿದ ಮೇಲೆ ಅಲ್ಲಿಯ ತರುಣರು ಮಡ್‌ಗಾರ್ಡುಗಳನ್ನು ಕತ್ತರಿಸಿ, ದಪ್ಪ ಟೈರು ಎದ್ದು ಕಾಣುವಂತೆ ಗಾಡಿಗಳನ್ನು ಬೋಳಾಗಿಸಿ ಓಡಿಸಿದರು. ಆ ರೂಢಿಯೇ ಇಂದು ಲೋಕವೆಲ್ಲ ಹಬ್ಬಿದೆ. ಆದರೆ ಹಾರ್ಲೆಯ ಚೌಕಟ್ಟಿನಲ್ಲಿ ಆ ಟೈರು ಆಡುವಷ್ಟು ಜಾಗವಿತ್ತೆಂಬುದು ಚಿತ್ರದಲ್ಲಿ ಕಾಣುವುದಿಲ್ಲ.

"ಹೇಗಿದೆ ಚಿಕ್ಕಪ್ಪ?" ಎಂದು ಕೇಳಿದನು. "ಬಹಳ ಸೊಗಸಾಗಿದೆ" ಎಂದೆವು. ಮನೆಗೆ ಬಂದವನ ಮನಸ್ಸು ನೋಯಿಸಬಾರದೆಂಬುದು ಒಂದು ಕಾರಣ. ಇನ್ನೊಂದು, ಅದು ನಮಗೆ ನಿಜವಾಗಿಯೂ ಒಳ್ಳೆಯದೆಂದೇ ತೋರಿತ್ತು. ಹಳ್ಳಿಯಲ್ಲಿ ಹುಟ್ಟಿದ ನಮಗೆ ಗಾಲಿಯೆಂದರೆ ಎತ್ತಿನ ಗಾಡಿಯ ಗಾಲಿ. ಕಬ್ಬಿಣದ ಕಿರಿದಾದ ಪಟ್ಟಿ ಬಿಗಿದ ಮರದ ಗಾಲಿ ಮಳೆಗಾಲದ ಎರೆಯಲ್ಲಿ ಗುಂಭದವರೆಗೂ ಹೂತುಹೋಗುತ್ತಿತ್ತು. ರಬ್ಬರಿನ ಅಗಲವಾದ ಗಾಲಿಯ ಟೈರ್ ಗಾಡಿ ಬಂದ ಮೇಲೆ ಅದೇ ಕೆಸರಿನಲ್ಲಿ ಎತ್ತುಗಳು ಸಲೀಸಾಗಿ ಎಳೆದವು. ಅಗಲ ಹೆಚ್ಚಿದಷ್ಟೂ ಹಿಡಿತ ಹೆಚ್ಚು, ಕ್ಷೇಮ ಹೆಚ್ಚು ಎಂಬ ಆ ತರ್ಕವನ್ನೇ ಇಲ್ಲಿಗೂ ಹೊಂದಿಸಿಕೊಂಡೆವು. ತರ್ಕಶಾಸ್ತ್ರ ಓದಿದವರು ದೃಷ್ಟಾಂತವನ್ನು ಎಲ್ಲಿಗೆ ನಿಲ್ಲಿಸಬೇಕೆಂಬುದನ್ನೂ ಅರಿತಿರಬೇಕಾಗಿತ್ತು.

ಅಂದು ಸಂಜೆಯೇ ಎರಡು ಸಂಗತಿಗಳು ನಮ್ಮ ಕಣ್ಣಿಗೆ ಬಿದ್ದವು. ಅಣ್ಣನವರು ಗಾಡಿಯನ್ನು ನಡುಸ್ಟ್ಯಾಂಡಿನ ಮೇಲೆ ನಿಲ್ಲಿಸಿದಾಗ ಹಿಂದಿನ ಗಾಲಿ ನೆಲ ಬಿಟ್ಟು ನಿಲ್ಲುತ್ತಿತ್ತು. ಹುಡುಗರಾಗಿದ್ದಾಗ ಅದನ್ನು ಕೈಯಿಂದ ತಿರುಗಿಸಿ ಆಡುತ್ತಿದ್ದೆವು. ಈಗ ಸ್ಟ್ಯಾಂಡು ಹಾಕಿದರೂ ಗಾಲಿ ನೆಲಕ್ಕೆ ಒತ್ತಿಕೊಂಡೇ ಇತ್ತು. ಎರಡನೆಯದು, ಚೈನನ್ನು ಪೂರ್ತಿಯಾಗಿ ಮುಚ್ಚುವ ತಗಡಿನ ಡಬ್ಬಿಯ ಒಳಮೈ. ಜಾವಾದ ಚೈನು ಧೂಳು ನೀರು ಕಾಣದೆ ಬಹುಕಾಲ ಬಾಳುತ್ತಿದ್ದುದು ಆ ಡಬ್ಬಿಯಿಂದ. ಅದರ ಒಂದು ಕಡೆ ಹೊಸ ಬಣ್ಣ ಕಿತ್ತು ತಗಡು ಬೆಳ್ಳಗೆ ಹೊಳೆಯುತ್ತಿತ್ತು. ಮಗುವನ್ನು ಮುಂದೆ ಕೂರಿಸಿಕೊಂಡು ಅವನು ಬೀದಿಯಲ್ಲಿ ಎರಡು ಸುತ್ತು ಹಾಕಿ ಬಂದಾಗ ಸುಟ್ಟ ರಬ್ಬರಿನ ಸಣ್ಣ ವಾಸನೆಯೂ ಬಂತು. ನಾವು ನೋಡಿದೆವು, ಮೂಸಿದೆವು, ಸುಮ್ಮನಿದ್ದೆವು. ನಾಲ್ಕು ವರ್ಷದ ಮೇಲೆ ಮನೆಗೆ ಬಂದ ಹುಡುಗ. ಅವನು ಮಾಡಿಸಿದ್ದರಲ್ಲಿ ಹುಳುಕು ಹುಡುಕಿದರೆ ಮತ್ತೆ ಬದುವಿನ ಮಾತು ಎದ್ದೀತೆಂಬ ಅಳುಕು.

ಮರುದಿನ ಬೆಳಿಗ್ಗೆ ಅವನ ಹಿಂದೆ ಕುಳಿತು ಊರಿಗೆ ಹೊರಟೆವು. ಅಣ್ಣನವರ ಗದ್ದುಗೆಗೆ ಹೂ ಏರಿಸುವುದಿತ್ತು. ನಗರದೊಳಗೆ ಏನೂ ತಿಳಿಯಲಿಲ್ಲ. ಕಡಕೊಳ ದಾಟಿದ ಮೇಲೆ ಒಂದೊಂದು ಉಬ್ಬು ಬಂದಾಗಲೂ ನಮ್ಮ ಕೆಳಗೆ ಸರ್ರೆಂದು ಉಜ್ಜಿದ ಸದ್ದು. ಅದು ಬರಬರುತ್ತ ಉಬ್ಬಿಲ್ಲದ ಕಡೆಯೂ ಕೇಳತೊಡಗಿತು. ಎಷ್ಟು ದೂರ ತಾಳಿಕೊಂಡು ಕುಳಿತೆವೆಂಬುದನ್ನು ನೆನೆದರೆ ಈಗ ನಾಚಿಕೆಯಾಗುತ್ತದೆ. ಕೊನೆಗೆ ವಾಸನೆ ತಡೆಯಲಾರದೆ ಅವನ ಭುಜ ತಟ್ಟಿದೆವು. ಇಳಿದು ಬಗ್ಗಿ ನೋಡಿದಾಗ, ಚೈನ್ ಡಬ್ಬಿಯ ಕಡೆಯ ಮಗ್ಗುಲಿನಲ್ಲಿ ಟೈರಿನ ಸುತ್ತ ಚಾಕುವಿನಿಂದ ಗೀರಿದಂತೆ ಒಂದು ಗೆರೆ. ಒಂದು ಗೇಣಿನಷ್ಟು ಉದ್ದ ರಬ್ಬರೆಲ್ಲ ಸವೆದು ಒಳಗಿನ ನೂಲು ಬಿಳಿಯಾಗಿ ಕಾಣುತ್ತಿತ್ತು. ಕೈಯಿಟ್ಟರೆ ಸುಡುವಷ್ಟು ಬಿಸಿ.

ಅವನು ಬಹಳ ಹೊತ್ತು ಅಲ್ಲೇ ಕುಕ್ಕುರುಗಾಲಿನಲ್ಲಿ ಕುಳಿತಿದ್ದನು. ಆಮೇಲೆ, "ನಿನ್ನೆ ಮಗುವನ್ನು ಕೂರಿಸಿಕೊಂಡಿದ್ದೆನಲ್ಲ" ಎಂದನು. ನಾವು ಮಾತಾಡಲಿಲ್ಲ. ತಲೆಯೆತ್ತಿ ನಮ್ಮನ್ನು ನೋಡಿ, "ನಿಮಗೆ ಮೊದಲೇ ತಿಳಿದಿತ್ತೇ?" ಎಂದನು. ವಾಸನೆ ಬಂದಿತ್ತು, ಡಬ್ಬಿಯ ಬಣ್ಣ ಕಿತ್ತದ್ದನ್ನೂ ನೋಡಿದ್ದೆವು ಎಂದೆವು. "ಹೇಳಬಹುದಿತ್ತಲ್ಲ ಚಿಕ್ಕಪ್ಪ." ಅದರಲ್ಲಿ ಕೋಪವಿರಲಿಲ್ಲ. ಕೋಪವಿದ್ದಿದ್ದರೆ ಉತ್ತರ ಕೊಡುವುದು ಸುಲಭವಾಗುತ್ತಿತ್ತು.

ಟೆಂಪೋವೊಂದರಲ್ಲಿ ಗಾಡಿಯನ್ನು ಹೇರಿಕೊಂಡು ಮೈಸೂರಿಗೆ ಹಿಂದಿರುಗಿ, ಯಾದವಗಿರಿಯ ಕಾರ್ಖಾನೆಯಲ್ಲಿ ತರುಣದಲ್ಲಿ ದುಡಿದು ಈಗ ಸಣ್ಣದೊಂದು ಗ್ಯಾರೇಜು ನಡೆಸುತ್ತಿರುವ ಹಿರಿಯ ಮೇಸ್ತ್ರಿಯವರಲ್ಲಿಗೆ ಹೋದೆವು. ಅವರು ಗಾಡಿಯ ಸುತ್ತ ಒಂದು ಪ್ರದಕ್ಷಿಣೆ ಬಂದರು. ಟೈರಿಗೂ ಚೈನ್ ಡಬ್ಬಿಗೂ ನಡುವೆ ಕಿರುಬೆರಳು ತೂರಿಸಲು ನೋಡಿದರು. ಬೆರಳಿನ ಉಗುರೂ ಹೋಗಲಿಲ್ಲ. "ಈ ಜಾಗ ಖಾಲಿ ಅಂತ ತುಂಬಿಸಿಬಿಟ್ಟಿದ್ದೀರಿ. ಇದು ಖಾಲಿ ಜಾಗ ಅಲ್ಲ ಸ್ವಾಮಿ, ಗಾಲಿ ಆಡೋ ಜಾಗ" ಎಂದರು. ನಾವು ಹಲವು ವರ್ಷ ಕಾಲೇಜಿನಲ್ಲಿ ಪಾಠ ಹೇಳಿದವರು. ಇಷ್ಟು ಕಡಿಮೆ ಮಾತಿನಲ್ಲಿ ಒಂದು ವಿಷಯವನ್ನು ಹೇಳಿದ್ದು ನೆನಪಿಲ್ಲ.

ಅಂದಿನ ಮಧ್ಯಾಹ್ನವೆಲ್ಲ ಅವರಿಂದ ಕಲಿತದ್ದನ್ನು ಇಲ್ಲಿ ಸ್ವಲ್ಪ ಬಿಡಿಸಿ ಹೇಳುತ್ತೇವೆ. ಈ ಗೀಳಿನ ಮಕ್ಕಳಿರುವ ಮನೆಗಳಿಗೆ ಉಪಯೋಗವಾದೀತು.

ಜಾವಾ 250ರ ಹಿಂದಿನ ಟೈರಿನ ಅಳತೆ 3.25-16. ಮೊದಲ ಅಂಕಿ ಟೈರಿನ ಅಗಲ, ಎರಡನೆಯದು ಅದು ಕೂರುವ ಗಾಲಿಯ ವ್ಯಾಸ, ಎರಡೂ ಇಂಚಿನಲ್ಲಿ. ಇಂತಹ ಹಳೆಯ ಅಳತೆಯ ಟೈರುಗಳಲ್ಲಿ ಅಗಲ ಎಷ್ಟೋ ಎತ್ತರವೂ ಸುಮಾರಾಗಿ ಅಷ್ಟೇ. ಹೊಸ ಅಳತೆಯಲ್ಲಿ 110 ಎಂದರೆ ಅಗಲ 110 ಮಿಲಿಮೀಟರು. 90 ಎಂದರೆ ಎತ್ತರವು ಅಗಲದ ನೂರಕ್ಕೆ ತೊಂಬತ್ತು ಪಾಲು, ಅಂದರೆ 99 ಮಿಲಿಮೀಟರು. 3.25 ಇಂಚನ್ನು ಮಿಲಿಮೀಟರಿಗೆ ತಂದರೆ ಎಂಬತ್ತೆರಡೂವರೆ. ಆದ್ದರಿಂದ ಅಗಲದಲ್ಲಿ ಇಪ್ಪತ್ತೇಳೂವರೆ ಮಿಲಿಮೀಟರು ಹೆಚ್ಚಾಯಿತು. ಒಂದೊಂದು ಮಗ್ಗುಲಿಗೆ ಹದಿಮೂರಕ್ಕೂ ಮಿಕ್ಕು. ಅಗಲದೊಡನೆ ಎತ್ತರವೂ ಬೆಳೆಯಿತು. ಟೈರಿನ ನೆತ್ತಿ ಮಡ್‌ಗಾರ್ಡಿನ ಕಡೆಗೆ ಹದಿನಾರು ಮಿಲಿಮೀಟರಿನಷ್ಟು ಏರಿತು. ಒಬ್ಬರೇ ಕುಳಿತು ಸಮನೆಲದಲ್ಲಿ ಹೋಗುವಾಗ ಇದು ತಿಳಿಯುವುದಿಲ್ಲ. ಹಿಂದೆ ಇನ್ನೊಬ್ಬರು ಕುಳಿತು, ಗುಂಡಿಗೆ ಬಿದ್ದು, ಸ್ಪ್ರಿಂಗು ಅದುಮಿದಾಗ ಗಾಲಿ ಮೇಲೇಳುತ್ತದೆ. ವೇಗಕ್ಕೂ ಬಿಸಿಗೂ ಟೈರು ತುಸು ಉಬ್ಬುತ್ತದೆ. ನಿಂತ ಗಾಡಿಯಲ್ಲಿ ಹಾಳೆಯಷ್ಟು ಸಂದಿದ್ದರೂ ಓಡುವ ಗಾಡಿಯಲ್ಲಿ ಅದು ಉಳಿಯದು. ಎತ್ತಿನ ಗಾಡಿಯ ಗಾಲಿಗೆ ಇಂತಹ ಕಟ್ಟಿಲ್ಲ. ಮೋಟಾರ್ ಸೈಕಲ್ಲಿನ ಗಾಲಿ ಒಂದು ಕವಲಿನೊಳಗೆ ಸೆರೆಯಾಗಿ ತಿರುಗಬೇಕು.

ಕಂದಪದ್ಯದ ಗಣಕ್ಕೆ ನಾಲ್ಕು ಮಾತ್ರೆ. ಅಲ್ಲಿ ಐದನೆಯ ಮಾತ್ರೆಯನ್ನು ತುರುಕಿದ ಪ್ರತಿಕಾರನಿಗೆ ಆ ಪದ ಎಷ್ಟು ಚೆಂದ ಕಂಡಿದ್ದರೂ, ಹಾಡುವವನ ಬಾಯಲ್ಲಿ ಪದ್ಯ ಅಲ್ಲೇ ಎಡವುತ್ತದೆ. ಮೇಸ್ತ್ರಿಯವರ ಮುಂದೆ ಈ ಮಾತು ಹೇಳಿದೆವು. ಅವರು ನಯವಾಗಿ ತಲೆಯಾಡಿಸಿ ಪಾನ ಹುಡುಕಲು ಹೋದರು.

ಗಾಲಿಯ ರಿಮ್ಮಿನದು ಮತ್ತೊಂದು ಕಥೆ. 110ರ ಟೈರು ಎರಡೂವರೆ ಇಂಚಿನ ಆಸುಪಾಸಿನ ಅಗಲದ ರಿಮ್ಮಿಗೆ ಹೇಳಿಸಿದ್ದು. ಹಳೆಯ ಜಾವಾದ ರಿಮ್ಮು ಎರಡಿಂಚಿಗೂ ಕಡಿಮೆ. ದಪ್ಪ ಟೈರನ್ನು ಕಿರಿದಾದ ರಿಮ್ಮಿಗೆ ಕೂರಿಸಿದಾಗ ಅದರ ಎರಡು ತುಟಿಗಳೂ ಒಳಕ್ಕೆ ಹಿಸುಕಿಕೊಂಡು ನೆತ್ತಿ ಗುಮ್ಮಟದಂತೆ ಏಳುತ್ತದೆ. ಆಗ ನೆಲ ಮುಟ್ಟುವುದು ನಡುವಿನ ಸಣ್ಣ ಪಟ್ಟಿ ಮಾತ್ರ. ಅಂಚುಗಳು ಹೊಸದಾಗಿಯೇ ಉಳಿದು ನಡು ಸವೆಯುತ್ತದೆ, ತಿರುವಿನಲ್ಲಿ ಗಾಡಿ ಹೊಯ್ದಾಡಿದಂತಾಗುತ್ತದೆ. ಇನ್ನು ಅಗಲವಾದರೆ ಹಿಡಿತ ಹೆಚ್ಚೆಂಬ ನಮ್ಮ ನಂಬಿಕೆ. ನೆಲಕ್ಕೆ ತಾಗುವ ರಬ್ಬರಿನ ಕ್ಷೇತ್ರವನ್ನು ಬಹುಮಟ್ಟಿಗೆ ನಿರ್ಣಯಿಸುವುದು ಹೊರೆ ಮತ್ತು ಒಳಗಿನ ಗಾಳಿಯ ಒತ್ತಡ. ಅವೆರಡೂ ಹಾಗೆಯೇ ಇದ್ದರೆ ಟೈರಿನ ಅಗಲದಿಂದ ಆ ಕ್ಷೇತ್ರದ ಆಕಾರ ಬದಲಾದೀತು, ಅಳತೆ ಅಷ್ಟಾಗಿ ಬೆಳೆಯದು. ಕೆಸರಿನ ನ್ಯಾಯ ಡಾಂಬರಿಗೆ ಸಲ್ಲಲಿಲ್ಲ.

ಗಾಲಿಯ ಸುತ್ತಳತೆಯೂ ಸುಮಾರು 104 ಮಿಲಿಮೀಟರು ಹೆಚ್ಚಿತ್ತು, ನೂರಕ್ಕೆ ಆರರ ಹತ್ತಿರ. ಹನ್ನೆರಡು ಕುದುರೆ ಶಕ್ತಿಯ ಹಳೆಯ ಎಂಜಿನ್ನು ಆ ಭಾರವಾದ ದೊಡ್ಡ ಗಾಲಿಯನ್ನು ಏರಿನಲ್ಲಿ ತಿರುಗಿಸಲು ಏದುಸಿರು ಬಿಡುತ್ತದೆ. ಹಿಂದಿನ ಗಾಲಿಯಿಂದಲೋ ಗೇರ್ ಪೆಟ್ಟಿಗೆಯಿಂದಲೋ ವೇಗಮಾಪಕ ನಡೆಯುವ ಗಾಡಿಗಳಲ್ಲಿ ಮುಳ್ಳು 50 ಎಂದು ತೋರಿಸುವಾಗ ನಿಜವಾದ ವೇಗ 53ರ ಸಮೀಪವಿರುತ್ತದೆ. ಹಿಂಭಾಗ ಎತ್ತರವಾದುದರಿಂದ ಮುಂಭಾಗ ಬಾಗಿ ಹಿಡಿಕೆಯ ವರ್ತನೆಯೂ ತುಸು ಬದಲಾಗುತ್ತದೆ. ಸ್ಟ್ಯಾಂಡಿನ ಮೇಲೆ ಗಾಲಿ ನೆಲ ಬಿಡದಿದ್ದುದರ ಗುಟ್ಟೂ ಇದೇ.

ಟೈರು ಬಿಚ್ಚಿದಾಗ ಇನ್ನೊಂದು ಸಂಗತಿ ಹೊರಬಿತ್ತು. ಅಳವಡಿಸಿದವರು ಯಾರೆಂಬುದು ಇಲ್ಲಿ ಬೇಡ. ಒಳಗಿನ ಟ್ಯೂಬು ಹಳೆಯ 3.25ರದ್ದೇ! ಚಿಕ್ಕ ಟ್ಯೂಬು ದೊಡ್ಡ ಟೈರನ್ನು ತುಂಬಲು ಹಿಗ್ಗಿ ಹಿಗ್ಗಿ ಬೆಲೂನಿನಂತೆ ತೆಳ್ಳಗಾಗಿತ್ತು. ನೂಲು ಕಂಡ ಆ ಟೈರು ಇನ್ನೊಂದಿಷ್ಟು ಸವೆದಿದ್ದರೆ ಟ್ಯೂಬು ತಡೆಯುತ್ತಿರಲಿಲ್ಲ. ಅಲ್ಲದೆ ಡಬ್ಬಿಗೆ ತಾಗಬಾರದೆಂದು ಅದರ ಒಳಮೈಯನ್ನು ಸುತ್ತಿಗೆಯಿಂದ ತಗ್ಗಿಸಿದ್ದರು. ಕೆಲವರು ಡಬ್ಬಿಯನ್ನೇ ತೆಗೆದೊಗೆಯುತ್ತಾರೆ, ಕೆಲವರು ಹಲ್ಲುಚಕ್ರದಡಿ ವಾಷರು ಕೊಟ್ಟು ಚೈನನ್ನು ಪಕ್ಕಕ್ಕೆ ಸರಿಸುತ್ತಾರೆ. ಚೈನು ಓರೆಯಾಗಿ ಎಳೆದು ಹಲ್ಲುಗಳನ್ನು ತಿನ್ನತೊಡಗಿದಾಗ ಮತ್ತೊಂದು ರಿಪೇರಿ. ಕವಲನ್ನೇ ಕತ್ತರಿಸಿ ಬೆಸೆದು ಅಗಲಿಸುವ ಧೀರರೂ ಇದ್ದಾರಂತೆ. ಐವತ್ತು ವರ್ಷ ದಾಟಿದ ಗಾಡಿಗಳನ್ನು ವಿಂಟೇಜ್ ಎಂದು ನೋಂದಾಯಿಸಲು 2021ರಲ್ಲಿ ಕೇಂದ್ರ ಸರ್ಕಾರ ನಿಯಮ ತಂದಿದೆ. ಚೌಕಟ್ಟು, ಮೈಕಟ್ಟು, ಎಂಜಿನ್ನುಗಳನ್ನು ಮಾರ್ಪಡಿಸಿದವಕ್ಕೆ ಆ ಗೌರವ ಸಲ್ಲದು. ನಮ್ಮದು 1968ರ ಗಾಡಿಯಾದ್ದರಿಂದ ಇದನ್ನೂ ಯೋಚಿಸಬೇಕಾಯಿತು.

ಹಾಗಾದರೆ ಅಳತೆ ಬದಲಿಸಲೇಬಾರದೇ ಎಂದು ಅಣ್ಣನ ಮಗ ಕೇಳಿದನು. ಮೇಸ್ತ್ರಿಯವರು ಹಟವಾದಿಗಳಲ್ಲ. ಹಳೆಯ ಬುಲೆಟ್ಟಿನ 3.25-19ರ ಜಾಗದಲ್ಲಿ 3.50-19 ಹಾಕಿ ನೆಮ್ಮದಿಯಾಗಿ ಓಡಿಸುವವರನ್ನು ಬೇಕಾದಷ್ಟು ಕಂಡಿದ್ದಾರೆ. ಒಂದು ಮೆಟ್ಟಿಲು ಏರಿದರೆ ಗಾಡಿ ಸಹಿಸುತ್ತದೆ, ಎರಡು ಮೂರು ಒಟ್ಟಿಗೆ ಏರಿದರೆ ಸಹಿಸದು ಎಂಬುದು ಅವರ ಲೆಕ್ಕ. ಜಾವಾಕ್ಕೂ 3.50-16 ಕೆಲವು ಸಲ ಕೂರುತ್ತದೆ. ಆದರೆ ಒಂದೇ ಅಂಕಿ ಬರೆದ ಟೈರುಗಳೂ ತಯಾರಕರಿಂದ ತಯಾರಕರಿಗೆ ನಿಜವಾದ ಅಗಲದಲ್ಲಿ ಬೇರೆಯಾಗಿರುತ್ತವೆ. ಆದ್ದರಿಂದ ಅಂಕಿಯನ್ನು ನಂಬದೆ, ಗಾಳಿ ತುಂಬಿದ ಟೈರನ್ನು ಅಳೆದು, ಸ್ಪ್ರಿಂಗು ಪೂರ್ತಿ ಅದುಮುವಷ್ಟು ಹೊರೆ ಹೇರಿ, ಗಾಲಿಯನ್ನು ಕೈಯಿಂದ ಒಂದು ಸುತ್ತು ತಿರುಗಿಸಿ ಎಲ್ಲ ಕಡೆ ಕಿರುಬೆರಳು ಆಡುತ್ತದೆಯೇ ಎಂದು ನೋಡಬೇಕಂತೆ. ಟ್ಯೂಬು ಟೈರಿನ ಅಳತೆಯದೇ ಆಗಿರಬೇಕು, ಹಳೆಯದನ್ನು ತುರುಕಬಾರದು. "ಬದಲಾಯಿಸಲೇಬೇಕೆ ಹಾಗಾದರೆ?" ಎಂದು ಅವರು ತಿರುಗಿ ಕೇಳಿದರು. ಅವನು ನಮ್ಮ ಮುಖ ನೋಡಿದನು. ಈ ಸಲ ನಾವು ಬಾಯಿಬಿಟ್ಟೆವು. ಅಣ್ಣನವರ ಗಾಡಿಗೆ ಅಣ್ಣನವರ ಕಾಲದ ಅಳತೆಯೇ ಇರಲಿ, ನಮಗೆ ದಪ್ಪ ಟೈರು ಬೇಡ ಎಂದೆವು. ಹೇಳುವಾಗ ದನಿ ನಡುಗಿತೆಂದು ಅನಂತರ ಅವನೇ ಹೇಳಿದನು.

3.25-16ರ ಟೈರು ಸಿಗಲು ಮೂರು ದಿನ ಹಿಡಿಯಿತು. ಮೇಸ್ತ್ರಿಯವರು ಡಬ್ಬಿಯ ತಗ್ಗನ್ನು ಒಳಗಿನಿಂದ ತಟ್ಟಿ ಸಮಮಾಡಿ, ಚೈನಿನ ನೇರವನ್ನು ದಾರ ಹಿಡಿದು ನೋಡಿ, ಸ್ಟ್ಯಾಂಡು ಹಾಕಿದರು. ಗಾಲಿ ನೆಲ ಬಿಟ್ಟು ನಿಂತಿತು. ಮಗು ಅದನ್ನು ಕೈಯಿಂದ ತಿರುಗಿಸಿತು. ಕೂಲಿಯ ಜೊತೆಗೆ ಆ ಹರಿದ ಟೈರನ್ನೂ ತಮಗೇ ಬಿಟ್ಟುಕೊಡಬೇಕೆಂದು ಮೇಸ್ತ್ರಿಯವರು ಕೇಳಿದರು. ಈಗ ಅದು ಅವರ ಗ್ಯಾರೇಜಿನ ಗೋಡೆಯ ಮೊಳೆಯಲ್ಲಿ, ನೂಲು ಕಾಣುವ ಮಗ್ಗುಲು ಹೊರಗಾಗಿ ತೂಗುತ್ತಿದೆ. ದಪ್ಪ ಟೈರು ಬೇಕೆಂದು ಬರುವ ಹುಡುಗರಿಗೆ ಮೊದಲು ಅದನ್ನು ತೋರಿಸುತ್ತಾರಂತೆ.

ಗದ್ದುಗೆಗೆ ಹೂ ಏರಿಸಲು ಐದು ದಿನ ತಡವಾಗಿ ಹೋದೆವು. ದಾರಿಯಲ್ಲಿ ಗಾಡಿ ಹಳೆಯ ದನಿಯಲ್ಲಿ ಮಾತ್ರ ಸದ್ದು ಮಾಡಿತು. ಹಿಂದಿರುಗುವಾಗ ಹೊಲದ ಹತ್ತಿರ ಅವನು ತಾನಾಗಿ ನಿಲ್ಲಿಸಿದನು. ಬದುವಿನ ಮೇಲೆ ಹುಲ್ಲು ಎದೆಯುದ್ದ ಬೆಳೆದಿತ್ತು. ಇಬ್ಬರೂ ನೋಡಿಕೊಂಡು ನಿಂತೆವು, ಅದರ ಮಾತು ಎತ್ತಲಿಲ್ಲ.

ಈಗ ಅವನು ವಾರಕ್ಕೊಮ್ಮೆ ದೂರವಾಣಿ ಮಾಡುತ್ತಾನೆ. ಮೊನ್ನೆ, "ಚಿಕ್ಕಪ್ಪ, ಹ್ಯಾಂಡಲ್ಲು ಒಂದನ್ನು ಎತ್ತರದ್ದು ಹಾಕಿಸೋಣವೆಂದಿದ್ದೇನೆ, ಏನನ್ನುತ್ತೀರಿ?" ಎಂದು ಕೇಳಿದನು. ಬೇಡವೆಂದೆವು. ಒಂದು ಕ್ಷಣ ಆ ಕಡೆಯಿಂದ ಸದ್ದಿಲ್ಲ. ಆಮೇಲೆ ಅವನು ನಕ್ಕ ಸದ್ದು ಕೇಳಿಸಿತು.